ಗರ್ಬಾ ಮೈದಾನದಲ್ಲಿ ಚಪ್ಪಲಿ ಕಾಯುವ ಹೆತ್ತವರು

ನವರಾತ್ರಿ ಬಂತೆಂದರೆ ಗುಜರಾತಿನ ತುಳು-ಕನ್ನಡಿಗರ ಮನೆಗಳಲ್ಲಿ ಎರಡೆರಡು ಹಬ್ಬ. ಹಗಲು ದೇವರ ಕೋಣೆಯಲ್ಲಿ ಊರಿನ ದಸರಾ, ಶಾರದಾ ಪೂಜೆ, ಆಯುಧ ಪೂಜೆ. ರಾತ್ರಿಯಾದರೆ ಮಕ್ಕಳ ಗರ್ಬಾ. ಹಗಲಿನ ಹಬ್ಬದಲ್ಲಿ ಹೆತ್ತವರು ಹೇಳಿದ್ದನ್ನು ಮಕ್ಕಳು ಕೇಳುತ್ತಾರೆ. ರಾತ್ರಿಯ ಹಬ್ಬದಲ್ಲಿ ಮಕ್ಕಳು ತೋರಿಸಿದಲ್ಲಿ ಹೆತ್ತವರು ಕುಳಿತುಕೊಳ್ಳಬೇಕು. ಅಹಮದಾಬಾದ್, ಬರೋಡಾ, ಸೂರತ್ ಮೂರೂ ಕಡೆ ಕಥೆ ಇದೇ.

ಉದ್ಯೋಗ, ಹೋಟೆಲು ವ್ಯವಹಾರವೆಂದು ಕರಾವಳಿಯಿಂದ ಬಂದ ತಲೆಮಾರಿಗೆ ನವರಾತ್ರಿ ಎಂದರೆ ತಾಸೆಯ ಸದ್ದಿಗೆ ಕುಣಿಯುವ ಹುಲಿವೇಷ. ಅದನ್ನು ರಸ್ತೆಬದಿಯಲ್ಲಿ ನಿಂತು ನೋಡಿ ಬೆಳೆದವರು ಅವರು. ಗರ್ಬಾ ಹಾಗಲ್ಲ, ಅಲ್ಲಿ ಸುಮ್ಮನೆ ನೋಡುವವನೇ ಎದ್ದು ಕಾಣುವುದು. ಎರಡು ತಾಳಿ, ಮೂರು ತಾಳಿಯ ಲೆಕ್ಕ ತಪ್ಪಿದರೆ ಹಿಂದಿನವರ ಕೋಲು ಬೆನ್ನಿಗೆ ತಾಗದಿದ್ದರೂ ನಗು ತಾಗುತ್ತದೆ.

ಅಮ್ಮನ ಕೈಹಿಡಿದು ಸೊಸೈಟಿಯ ಅಂಗಳದಲ್ಲಿ ಸುತ್ತುತ್ತಿದ್ದ ಮಗಳು ಹದಿನಾಲ್ಕಾಗುತ್ತಲೇ ಗೆಳತಿಯರ ಜತೆ ಪಾರ್ಟಿ ಪ್ಲಾಟಿಗೆ ಹೊರಡುತ್ತಾಳೆ. "ಅಮ್ಮಾ, ನೀನು ಬಾ, ಆದರೆ ಹತ್ತಿರ ಮಾತ್ರ ಬರಬೇಡ" ಎಂಬುದು ಕರಾರು. ಹುಡುಗರದ್ದು ಬೇರೆಯೇ ಸಂಕಟ. ಕನ್ನಡಿ ಕಸೂತಿಯ ಕೆಡಿಯು ತೊಟ್ಟು ಮೈದಾನಕ್ಕೆ ಬಂದವನು ಒಂದು ಗಂಟೆ ಮೊಬೈಲು ನೋಡುತ್ತಾ ಅಂಚಿನಲ್ಲೇ ನಿಲ್ಲುತ್ತಾನೆ. "ಹೋಗು ಮಾರಾಯ, ಪಾಸಿಗೆ ದುಡ್ಡು ಕೊಟ್ಟಿದ್ದು ನಿಲ್ಲುವುದಕ್ಕಾ?" ಎಂದು ಅಪ್ಪ ಅಂದರೆ ಮುಗಿಯಿತು, ಆ ರಾತ್ರಿ ಅವನು ಕುಣಿಯುವುದಿಲ್ಲ.

ಬರಿಗಾಲಲ್ಲಿ ಕುಣಿಯುವ ಮಕ್ಕಳ ಚಪ್ಪಲಿ, ನೀರಿನ ಬಾಟಲಿ, ದುಪಟ್ಟಾ ಜಾರಿದರೆ ಸೇಫ್ಟಿ ಪಿನ್ನು, ಇವುಗಳ ಉಸ್ತುವಾರಿ ಹೆತ್ತವರದ್ದು. ಬರೋಡಾದ ದೊಡ್ಡ ಮೈದಾನಗಳಲ್ಲಿ ಸಾವಿರಾರು ಮಂದಿ ಸುತ್ತಿನೊಳಗೆ ಸುತ್ತಾಗಿ ತಿರುಗುತ್ತಾರೆ. ಮಗಳು ಒಮ್ಮೆ ಕಂಡು ಮರೆಯಾದರೆ ಮತ್ತೆ ಕಾಣುವವರೆಗೆ ತಾಯಿಯ ಕಣ್ಣು ಆ ಒಂದೇ ಬಣ್ಣದ ಚಣಿಯಾ ಚೋಳಿಯನ್ನು ಹುಡುಕುತ್ತಿರುತ್ತದೆ. ಸೂರತ್‌ನ ಎ.ಸಿ. ಡೋಮ್‌ಗಳಲ್ಲಿ ಸೆಕೆ ಕಡಿಮೆ, ಆತಂಕ ಅಷ್ಟೇ.

ಊರಿನಿಂದ ಅಜ್ಜಿಯ ಫೋನು ಬೇರೆ: "ನಡುರಾತ್ರಿ ಹುಡುಗಿಯನ್ನು ಕುಣಿಯಲು ಕಳಿಸುವುದಾ?" ತೂತುಗಳ ಮಣ್ಣಿನ ಮಡಕೆಯೊಳಗೆ ದೀಪವಿಟ್ಟು ದೇವಿಯ ಸುತ್ತ ಕುಣಿಯುವ ಆರಾಧನೆಯಿದು, 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ ಎಂದು ವಿವರಿಸಬಹುದು. ಅಜ್ಜಿ ಒಪ್ಪುವುದು ಅನುಮಾನ.

ಅಜ್ಜಿಯ ಭಯ ಪೂರ್ತಿ ಸುಳ್ಳೂ ಅಲ್ಲ. 2024ರ ನವರಾತ್ರಿಯ ವೇಳೆ ಬರೋಡಾ ಹೊರವಲಯದ ಭಾಯಲಿಯಲ್ಲಿ ಅಪ್ರಾಪ್ತ ಬಾಲಕಿಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರ ಇಡೀ ರಾಜ್ಯವನ್ನು ನಡುಗಿಸಿತು. ಆ ಕೃತ್ಯ ನಡೆದದ್ದು ಗರ್ಬಾದ ಸುತ್ತಿನೊಳಗಲ್ಲ, ನಿರ್ಜನ ಜಾಗದಲ್ಲಿ. ದೀಪ, ಜನಸಂದಣಿ, ಮಫ್ತಿಯಲ್ಲಿರುವ 'ಶೀ ಟೀಮ್' ಮಹಿಳಾ ಪೊಲೀಸರು ಇರುವ ಮೈದಾನಕ್ಕಿಂತ ಅಲ್ಲಿಂದ ಮನೆಗೆ ಬರುವ ದಾರಿಗೇ ಹೆಚ್ಚು ಕಾವಲು ಬೇಕು. ಹೆತ್ತವರು ಮಾತ್ರ ಆ ದಾರಿಯನ್ನು ಮರೆತು, ಮಗಳು ಯಾರ ಪಕ್ಕ ಕುಣಿದಳೆಂಬುದನ್ನೇ ಲೆಕ್ಕ ಹಾಕುತ್ತಾರೆ.

ಶಬ್ದಮಾಲಿನ್ಯ ನಿಯಮದಂತೆ ಧ್ವನಿವರ್ಧಕಕ್ಕೆ ರಾತ್ರಿ 10ರ ಮಿತಿಯಿದೆ; ಹಬ್ಬಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಆದರೆ ಹಾಡು ನಿಂತೊಡನೆ ಮಕ್ಕಳ ರಾತ್ರಿ ಮುಗಿಯುವುದಿಲ್ಲ, ಹಸಿವು ಶುರುವಾಗುತ್ತದೆ. ಅಹಮದಾಬಾದಿನಲ್ಲಾದರೆ ಮಾಣೆಕ್ ಚೌಕದ ತಿಂಡಿ ಅಂಗಡಿಗಳು ಕರೆಯುತ್ತವೆ. ನಾಲ್ಕೈದು ಮನೆಯವರು ಸೇರಿ, ಇಂದು ಒಬ್ಬರ ಕಾರು, ನಾಳೆ ಇನ್ನೊಬ್ಬರದು ಎಂದು ಪಾಳಿ ಹಾಕಿಕೊಂಡರೆ ಎಲ್ಲರಿಗೂ ಒಂಬತ್ತು ರಾತ್ರಿ ನಿದ್ದೆಗೇಡಿಲ್ಲ. ತಮ್ಮ ಅಮ್ಮನಿಗಿಂತ ಗೆಳತಿಯ ಅಮ್ಮ ಕಾವಲಿಗಿದ್ದರೆ ಮಕ್ಕಳಿಗೂ ನಾಚಿಕೆ ಕಡಿಮೆ. ಇಂಥ ಪಾಳಿಗೆ ಕನ್ನಡ ಸಂಘಗಳ ಮಹಿಳಾ ವಿಭಾಗಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿದೆ?

ಹೋಟೆಲು ಮುಚ್ಚಿ ಹನ್ನೊಂದೂವರೆಗೆ ಓಡಿಬರುವ ಅಪ್ಪಂದಿರಿಗೆ ಸಿಗುವುದು ಕೊನೆಯ ಒಂದೆರಡು ಸುತ್ತು. ಅಷ್ಟರಲ್ಲಿ ಮಗನೂ ಹೇಗೋ ಒಳಗೆ ಸೇರಿಕೊಂಡಿರುತ್ತಾನೆ. ಅಪ್ಪ ಕೈಬೀಸುವುದಿಲ್ಲ, ಕಂಬದ ಮರೆಗೆ ಸರಿದು ಚಪ್ಪಲಿ ಜೋಡಿಗಳನ್ನು ಎಣಿಸುತ್ತಾ ಕೂರುತ್ತಾನೆ.