ಯಂತ್ರದ ನೆನಪಿನ ಪರೀಕ್ಷೆ

ಮೇಜಿನ ಮೇಲಿನ ಗಣಕಯಂತ್ರವು ಒಂದು ದಿನ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಪರದೆಯು ನೀಲಿ ಬಣ್ಣಕ್ಕೆ ತಿರುಗಿ, ಅರ್ಥವಾಗದ ಕೆಲವು ಅಕ್ಷರಗಳನ್ನೂ ಅಂಕೆಗಳನ್ನೂ ತೋರಿಸುತ್ತದೆ. ಬಳಿಕ ಯಂತ್ರವು ತಾನಾಗಿಯೇ ಆರಿ ಮತ್ತೆ ಚಾಲನೆಗೊಳ್ಳುತ್ತದೆ. ಅರ್ಧ ಗಂಟೆಯಿಂದ ಬರೆಯುತ್ತಿದ್ದ ಪತ್ರವು ಅದರೊಡನೆ ಮಾಯವಾಗುತ್ತದೆ. ಮರುದಿನ ಏನೂ ಆಗುವುದಿಲ್ಲ. ಮೂರನೆಯ ದಿನ ಯಾವುದೋ ಚಿತ್ರವನ್ನು ನೋಡುತ್ತಿರುವಾಗ ಮತ್ತೆ ಅದೇ ಗತಿ. ಮನೆಯಲ್ಲಿ ಒಬ್ಬರು ವಿದ್ಯುತ್ತಿನ ಏರಿಳಿತವನ್ನು ದೂರುತ್ತಾರೆ, ಇನ್ನೊಬ್ಬರು ಹೊಸದಾಗಿ ಅಳವಡಿಸಿದ ತಂತ್ರಾಂಶವನ್ನು, ಮತ್ತೊಬ್ಬರು ವೈರಸ್ಸನ್ನು. ಯಾರ ಮಾತನ್ನೂ ತಳ್ಳಿಹಾಕುವಂತಿಲ್ಲ, ಏಕೆಂದರೆ ಈ ಮೂರರಿಂದಲೂ ಯಂತ್ರವು ನಿಲ್ಲಬಹುದು. ಆದರೆ ಅನುಭವಸ್ಥನಾದ ದುರಸ್ತಿಗಾರನು ಮೊದಲು ಕೇಳುವ ಪ್ರಶ್ನೆಯೇ ಬೇರೆ. ಯಂತ್ರವು ಪ್ರತಿಸಲವೂ ಒಂದೇ ಕೆಲಸದ ನಡುವೆ ನಿಲ್ಲುವುದೋ, ಅಥವಾ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಲ್ಲುವುದೋ? ಒಂದೇ ಕಡೆಯಲ್ಲಿ ಎಡವುವುದಾದರೆ ಆ ದಾರಿಯಲ್ಲಿ ಕಲ್ಲಿದೆಯೆಂದು ತಿಳಿದು ತಂತ್ರಾಂಶವನ್ನು ಶೋಧಿಸಬೇಕು. ಕಂಡಕಂಡಲ್ಲೆಲ್ಲ ಎಡವುವವನಾದರೋ, ಅವನ ಕಾಲನ್ನೇ ನೋಡಬೇಕು.

ಹೀಗೆ ಸಂಶಯಕ್ಕೆ ಗುರಿಯಾಗುವ ಅಂಗಗಳಲ್ಲಿ ಮುಖ್ಯವಾದುದು ಗಣಕದ ಸ್ಮೃತಿ, ಎಂದರೆ ಅಂಗಡಿಗಳಲ್ಲಿ ರ‍್ಯಾಮ್ ಎಂಬ ಹೆಸರಿನಲ್ಲಿ ದೊರೆಯುವ ಹಸಿರು ಪಟ್ಟಿ. ಬರೆಯುವ ಪತ್ರ, ನೋಡುವ ಚಿತ್ರ, ಯಂತ್ರವು ಪಾಲಿಸಬೇಕಾದ ಆಜ್ಞೆಗಳು, ಎಲ್ಲವೂ ಕೆಲಸ ನಡೆಯುವಷ್ಟು ಹೊತ್ತು ಅಲ್ಲಿಯೇ ತಂಗಿರುತ್ತವೆ. ಇಂದಿನ ಸ್ಮೃತಿಯ ಮೂಲ ಕಲ್ಪನೆಯನ್ನು ೧೯೬೬ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ರೂಪಿಸಿದರು. ೧೯೬೮ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸೇರಿ ಸ್ಮೃತಿಯ ಒಂದು ಕೋಶವಾಗುತ್ತದೆ. ಕೆಪಾಸಿಟರಿನಲ್ಲಿ ವಿದ್ಯುದಾವೇಶವು ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆದರೆ ಈ ಕೆಪಾಸಿಟರ್ ಒಂದು ತೂತುಕೊಡ. ತುಂಬಿದ ಆವೇಶವು ಕ್ಷಣಕ್ಷಣಕ್ಕೂ ಸೋರಿಹೋಗುತ್ತದೆ. ಆದುದರಿಂದ ಯಂತ್ರವು ಪ್ರತಿಯೊಂದು ಕೋಶವನ್ನೂ ಸಾಮಾನ್ಯವಾಗಿ ೬೪ ಮಿಲಿಸೆಕೆಂಡುಗಳೊಳಗೆ ಒಮ್ಮೆ ಓದಿ, ಅದರಲ್ಲಿ ಇದ್ದುದನ್ನೇ ಮತ್ತೆ ತುಂಬಬೇಕಾಗುತ್ತದೆ. ಎಂಟು ಗಿಗಾಬೈಟಿನ ಸಾಧಾರಣ ಸ್ಮೃತಿಯಲ್ಲಿ ಇಂತಹ ಕೋಶಗಳು ೬,೮೦೦ ಕೋಟಿಗೂ ಮಿಗಿಲಾಗಿವೆ. ಇಷ್ಟೂ ತೂತುಕೊಡಗಳನ್ನು ಸೆಕೆಂಡಿಗೆ ಹದಿನೈದು ಸಲ ತುಂಬುತ್ತಿದ್ದೂ ಯಂತ್ರವು ದಿನಗಟ್ಟಲೆ ತಪ್ಪದೆ ನಡೆಯುವುದೇ ಆಶ್ಚರ್ಯ!

ಇವುಗಳಲ್ಲಿ ಒಂದೇ ಒಂದು ಕೋಶವು ಕೆಟ್ಟಿತೆನ್ನೋಣ. ಆ ಕೋಶದಲ್ಲಿ ಯಾವುದು ತಂಗಿದೆಯೋ ಅದರಂತೆ ಫಲ. ಚಿತ್ರದ ಒಂದು ಚುಕ್ಕೆಯಿದ್ದರೆ ಬಣ್ಣವು ತುಸು ಬದಲಾದೀತು; ಯಾರ ಕಣ್ಣಿಗೂ ಬೀಳದು. ಯಂತ್ರಕ್ಕೆ ಕೊಟ್ಟ ಆಜ್ಞೆಯಿದ್ದರೆ ಅದು ಅರ್ಥವಿಲ್ಲದ ಆಜ್ಞೆಯಾಗಿ ಯಂತ್ರವು ನಿಂತೀತು. ಲೆಕ್ಕದ ಪುಸ್ತಕದ ಅಂಕೆಯಿದ್ದರೆ? ಅಂಕೆಯು ಬದಲಾಗುತ್ತದೆ, ಯಂತ್ರವು ಏನೂ ಆಗದಂತೆ ಮುಂದುವರಿಯುತ್ತದೆ. ನೀಲಿ ಪರದೆಯನ್ನು ಶಪಿಸುವವರು ಇದನ್ನು ಯೋಚಿಸುವುದಿಲ್ಲ. ಸದ್ದುಮಾಡಿ ನಿಲ್ಲುವ ಯಂತ್ರಕ್ಕಿಂತ ಸದ್ದಿಲ್ಲದೆ ತಪ್ಪುವ ಯಂತ್ರವೇ ಅಪಾಯಕರ.

ಬೆಲ್ಜಿಯಂ ದೇಶದಲ್ಲಿ ೨೦೦೩ನೆಯ ಇಸವಿ ಮೇ ೧೮ರಂದು ಚುನಾವಣೆ ನಡೆಯಿತು. ಬ್ರಸೆಲ್ಸ್ ನಗರಕ್ಕೆ ಹೊಂದಿಕೊಂಡ ಸ್ಕಾರ್‌ಬೇಕ್ ಎಂಬಲ್ಲಿ ಮತಗಳನ್ನು ಗಣಕದ ಮೂಲಕ ಎಣಿಸಲಾಯಿತು. ಅಲ್ಲಿನ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದಿದ್ದವು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದ ಮತಗಳು ಸರಿಯಾಗಿ ೪,೦೯೬ ಎಂದು ತಿಳಿಯಿತು. ಈ ಸಂಖ್ಯೆಯೇ ಗುಟ್ಟನ್ನು ಹೊರಗೆಡಹುತ್ತದೆ. ಗಣಕವು ಬಳಸುವ ದ್ವಿಮಾನ ಪದ್ಧತಿಯಲ್ಲಿ ಬಲಗಡೆಯಿಂದ ಮೊದಲ ಸ್ಥಾನದ ಬೆಲೆ ಒಂದು, ಮುಂದೆ ಎರಡು, ನಾಲ್ಕು, ಎಂಟು, ಹೀಗೆ ಇಮ್ಮಡಿಯಾಗುತ್ತ ಹದಿಮೂರನೆಯ ಸ್ಥಾನದ ಬೆಲೆ ೪,೦೯೬ ಆಗುತ್ತದೆ. ಆ ಸ್ಥಾನದಲ್ಲಿದ್ದ ಒಂದು ಸೊನ್ನೆಯು ಒಂದಾಗಿ ಮಾರ್ಪಟ್ಟಿತ್ತು, ಅಷ್ಟೆ. ತಜ್ಞರು ಯಂತ್ರವನ್ನೂ ತಂತ್ರಾಂಶವನ್ನೂ ಪರೀಕ್ಷಿಸಿದರೂ ದೋಷವೇನೂ ಸಿಗಲಿಲ್ಲ. ಸ್ಮೃತಿಯ ಒಂದು ಕೋಶವು ತಾನಾಗಿ ಬದಲಾಗಿರಬೇಕೆಂದು ಅವರು ತೀರ್ಮಾನಿಸಿದರು. ಹೆಚ್ಚಾದ ಮತಗಳು ೪,೦೯೬ ಆಗಿರದೆ ಕೇವಲ ೬೪ ಆಗಿದ್ದರೆ ಯಾರಿಗಾದರೂ ಸಂಶಯ ಬರುತ್ತಿತ್ತೇ?

ಕೆಡದಿರುವ ಕೋಶವೂ ಹೀಗೆ ಬದಲಾಗಬಲ್ಲದೆಂಬುದು ಆ ವೇಳೆಗೆ ಹೊಸ ಸಂಗತಿಯಾಗಿರಲಿಲ್ಲ. ೧೯೭೮ರಲ್ಲಿ ಇಂಟೆಲ್ ಸಂಸ್ಥೆಯ ತಿಮೊತಿ ಮೇ ಮತ್ತು ಮರ‍್ರೇ ವುಡ್ಸ್ ಎಂಬಿಬ್ಬರು ಇದರ ಒಂದು ಕಾರಣವನ್ನು ಕಂಡುಹಿಡಿದರು. ಸ್ಮೃತಿಯ ಚಿಪ್ಪುಗಳ ಹೊದಿಕೆಯಲ್ಲಿ ಯುರೇನಿಯಂ ಮತ್ತು ಥೋರಿಯಂ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದ್ದವು. ಅವುಗಳಿಂದ ಹೊರಡುವ ಆಲ್ಫಾ ಕಣವೊಂದು ಕೋಶವನ್ನು ಹಾಯ್ದುಹೋದರೆ ಅದರಲ್ಲಿದ್ದ ಆವೇಶವು ಕದಡಿಹೋಗುತ್ತಿತ್ತು. ಆಕಾಶದಿಂದ ಬರುವ ವಿಶ್ವಕಿರಣಗಳೂ ಇದೇ ಬಗೆಯ ತೊಂದರೆಯನ್ನು ಉಂಟುಮಾಡಬಲ್ಲವು. ಇಂತಹ ತಪ್ಪು ಬಂದು ಹೋಗುವ ತಲೆಸುತ್ತಿನಂತೆ. ಯಾವ ಪರೀಕ್ಷೆಗೂ ಸಿಕ್ಕುವುದಿಲ್ಲ. ಆದರೆ ವಾರಕ್ಕೆ ಮೂರು ಸಲ ನಿಲ್ಲುವ ಯಂತ್ರಕ್ಕೆ ವಿಶ್ವಕಿರಣವನ್ನು ಹೊಣೆಮಾಡುವುದು ಸರಿಯಲ್ಲ. ಗೂಗಲ್ ಸಂಸ್ಥೆಯ ಯಂತ್ರಗಳ ಮೇಲೆ ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ವರ್ಷದ ಅವಧಿಯಲ್ಲಿ ನೂರು ರ‍್ಯಾಮ್‌ಗಳಲ್ಲಿ ಎಂಟಕ್ಕಿಂತ ಹೆಚ್ಚು ತಪ್ಪನ್ನು ತೋರಿದವು. ಆ ತಪ್ಪುಗಳಲ್ಲಿ ಹೆಚ್ಚಿನವು ಸ್ಥಿರವಾದ ದೋಷಗಳಿಂದಲೇ ಹುಟ್ಟಿದವೆಂದು ಸಂಶೋಧಕರು ಕಂಡರು. ಸ್ಥಿರವಾದ ದೋಷವನ್ನು ಹುಡುಕಿ ಹಿಡಿಯಬಹುದು.

ಹುಡುಕುವ ತತ್ತ್ವ ಸರಳ. ಕೋಶಗಳಲ್ಲಿ ಗೊತ್ತಿರುವ ಅಂಕೆಗಳನ್ನು ಬರೆಯುವುದು, ಅನಂತರ ಓದಿ ನೋಡುವುದು. ಬರೆದದ್ದೇ ಮರಳಿ ಬಂದರೆ ಸರಿ. ಆದರೆ ತತ್ತ್ವದ ಸರಳತೆಯನ್ನು ನಂಬಿ ಒಂದು ಸಲ ಸೊನ್ನೆಗಳನ್ನು ಬರೆದು ಓದಿ ಸುಮ್ಮನಾದರೆ, ಸದಾ ಸೊನ್ನೆಯಾಗಿಯೇ ಉಳಿಯುವ ಕೆಟ್ಟ ಕೋಶವೂ ತೇರ್ಗಡೆಯಾಗುತ್ತದೆ. ಆದುದರಿಂದ ಒಂದನ್ನೂ ಬರೆದು ನೋಡಬೇಕು. ಅಷ್ಟೂ ಸಾಲದು. ಕೋಶಗಳೆಲ್ಲ ಸರಿಯಿದ್ದು, ಅವುಗಳ ವಿಳಾಸವನ್ನು ಒಯ್ಯುವ ತಂತಿಯು ಕೆಟ್ಟಿರಬಹುದು. ಆಗ ಎರಡು ಮನೆಗಳಿಗೆ ಬರೆದ ಕಾಗದಗಳು ಒಂದೇ ಮನೆಯನ್ನು ಸೇರುತ್ತವೆ. ಎರಡು ಕಾಗದಗಳಲ್ಲಿಯೂ ಒಂದೇ ಒಕ್ಕಣೆಯಿದ್ದರೆ ಈ ತಪ್ಪು ಯಾರಿಗೂ ತಿಳಿಯದು. ಬೇರೆ ಬೇರೆ ಒಕ್ಕಣೆಯಿದ್ದರೆ ಮಾತ್ರ ತಿಳಿದೀತು. ಇನ್ನು ನೆರೆಹೊರೆಯ ತೊಡಕು. ಕೋಶಗಳು ಅತ್ಯಂತ ಒತ್ತಾಗಿರುವುದರಿಂದ ಒಂದರಲ್ಲಿ ನಡೆದ ಕೆಲಸವು ಪಕ್ಕದ್ದನ್ನು ಕದಲಿಸುವುದುಂಟು. ಕೋಶಗಳ ಒಂದು ಸಾಲನ್ನು ಬಿಡದೆ ವೇಗವಾಗಿ ತೆರೆಯುತ್ತಿದ್ದರೆ ಪಕ್ಕದ ಸಾಲಿನ ಸೊನ್ನೆ ಒಂದುಗಳು ಅದಲುಬದಲಾಗಬಲ್ಲವೆಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೪ರಲ್ಲಿ ತೋರಿಸಿಕೊಟ್ಟರು.

ಇವೆಲ್ಲವನ್ನೂ ಹಿಡಿಯಲು ಹಲವು ಬಗೆಯ ಪರೀಕ್ಷೆಗಳನ್ನು ಹೆಣೆದಿದ್ದಾರೆ. ಅವುಗಳಲ್ಲಿ ಒಂದರ ಕ್ರಮ ಹೀಗಿದೆ: ಮೊದಲು ಸ್ಮೃತಿಯ ತುಂಬ ಒಂದು ವಿನ್ಯಾಸವನ್ನು ಬರೆಯುತ್ತಾರೆ. ಬಳಿಕ ಕೆಳಗಿನ ತುದಿಯಿಂದ ಹೊರಟು ಪ್ರತಿಯೊಂದು ಸ್ಥಾನವನ್ನೂ ಓದಿ ನೋಡುತ್ತ, ಓದಿದೊಡನೆ ಅಲ್ಲಿ ಅದರ ವಿರುದ್ಧ ವಿನ್ಯಾಸವನ್ನು ಬರೆಯುತ್ತ ಮೇಲಿನ ತುದಿಯನ್ನು ಮುಟ್ಟುತ್ತಾರೆ. ಅನಂತರ ಮೇಲಿನಿಂದ ಕೆಳಕ್ಕೆ, ಹಾಗೆಯೇ ಓದುತ್ತ, ಮತ್ತೆ ಮೊದಲಿನದನ್ನು ಬರೆಯುತ್ತ ಇಳಿಯುತ್ತಾರೆ. ಹೋಗುವಾಗ ಮಾಡಿದ ಕೆಲಸದಿಂದ ಮುಂದಿನ ಕೋಶ ಕದಲಿದ್ದರೆ ಹೋಗುವಾಗಲೇ ಸಿಕ್ಕಿಬೀಳುತ್ತದೆ. ಹಿಂದಿನದು ಕದಲಿದ್ದರೆ ಬರುವಾಗ.

ಇಲ್ಲೊಂದು ವಿಚಿತ್ರ ತೊಂದರೆಯಿದೆ. ಪರೀಕ್ಷಿಸುವ ತಂತ್ರಾಂಶವೂ ಅದೇ ಸ್ಮೃತಿಯಲ್ಲಿಯೇ ತಂಗಬೇಕು. ವಿಂಡೋಸ್‌ನಂತಹ ದೊಡ್ಡ ವ್ಯವಸ್ಥೆಯು ನಡೆಯುತ್ತಿರುವಾಗ ಸ್ಮೃತಿಯ ಬಹುಭಾಗವು ಅದರ ವಶದಲ್ಲಿರುತ್ತದೆ. ತಾನು ಕುಳಿತ ಜಾಗವನ್ನು ಅದು ಬಿಟ್ಟುಕೊಡುವುದಿಲ್ಲ. ಆದುದರಿಂದ ಕ್ರಿಸ್ ಬ್ರೇಡಿ ಎಂಬವರು ೧೯೯೪ರಲ್ಲಿ ಮೆಮ್‌ಟೆಸ್ಟ್ ೮೬ ಎಂಬ ಚಿಕ್ಕ ತಂತ್ರಾಂಶವನ್ನು ಬರೆದಾಗ, ಅದು ಬೇರಾವ ವ್ಯವಸ್ಥೆಯ ನೆರವೂ ಇಲ್ಲದೆ ಒಂಟಿಯಾಗಿ ನಡೆಯುವಂತೆ ರಚಿಸಿದರು. ಯಂತ್ರವನ್ನು ಹಚ್ಚಿದಾಗ ಅದೊಂದೇ ಸ್ಮೃತಿಗೆ ಇಳಿಯುತ್ತದೆ. ತಾನಿರುವ ಜಾಗವನ್ನು ಪರೀಕ್ಷಿಸುವ ಸರದಿ ಬಂದಾಗ, ಗುಡಿಸುವವರು ಚಾಪೆಯನ್ನು ಸರಿಸಿಕೊಳ್ಳುವಂತೆ, ತನ್ನನ್ನು ಬೇರೆಡೆಗೆ ಸಾಗಿಸಿಕೊಳ್ಳುತ್ತದೆ. ತಪ್ಪು ಸಿಕ್ಕಿದರೆ ಯಾವ ವಿಳಾಸದಲ್ಲಿ, ಬರೆದದ್ದೇನು, ಓದಿದ್ದೇನು ಎಂಬುದನ್ನು ಪರದೆಯ ಮೇಲೆ ತೋರಿಸುತ್ತದೆ. ಸ್ಮೃತಿಯು ದೊಡ್ಡದಾದಷ್ಟೂ ಇದಕ್ಕೆ ಹೊತ್ತು ಬೇಕು. ಸಂಜೆ ಹಚ್ಚಿ ಬೆಳಗಿನವರೆಗೆ ಬಿಡುವುದು ವಾಡಿಕೆ, ಏಕೆಂದರೆ ಕೆಲವು ಕೋಶಗಳು ಯಂತ್ರವು ಚೆನ್ನಾಗಿ ಕಾದ ಮೇಲೆಯೇ ತಪ್ಪತೊಡಗುತ್ತವೆ.

ರಾತ್ರಿಯಿಡೀ ನಡೆದ ಪರೀಕ್ಷೆಯಲ್ಲಿ ಒಂದೇ ತಪ್ಪು ಕಂಡರೂ ಅದನ್ನು ಕ್ಷಮಿಸುವಂತಿಲ್ಲ. ನೂರಕ್ಕೆ ಮೂವತ್ತೈದು ಬಂದರೆ ಸಾಕೆಂಬ ನಿಯಮ ಇಲ್ಲಿ ನಡೆಯದು. ಆದರೆ ಕೂಡಲೆ ಹೊಸ ರ‍್ಯಾಮ್ ಕೊಳ್ಳುವ ಅವಸರವೂ ಬೇಡ. ಯಂತ್ರವನ್ನು ಆರಿಸಿ, ತಂತಿಯನ್ನು ಗೋಡೆಯಿಂದ ಕಿತ್ತು, ರ‍್ಯಾಮನ್ನು ಹೊರತೆಗೆದು, ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳಲ್ಲಿ ಕೂತ ಕೊಳೆಯನ್ನು ದುರಸ್ತಿಗಾರರು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ತೆಗೆಯುವುದುಂಟು. ಎಷ್ಟೋ ಯಂತ್ರಗಳಿಗೆ ಅಷ್ಟೇ ಮದ್ದು ಸಾಕಾಗುತ್ತದೆ. ಎರಡು ರ‍್ಯಾಮ್‌ಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಬೇಕು. ಒಂದೇ ರ‍್ಯಾಮ್ ಎಲ್ಲ ಗೂಡುಗಳಲ್ಲಿಯೂ ತಪ್ಪಿದರೆ ದೋಷವು ಅದರದು. ಯಾವ ರ‍್ಯಾಮನ್ನು ಹಾಕಿದರೂ ಒಂದೇ ಗೂಡಿನಲ್ಲಿ ತಪ್ಪಿದರೆ ದೋಷವು ಗೂಡಿನದು. ತಪ್ಪೇನೂ ಸಿಗದಿದ್ದರೆ ಸ್ಮೃತಿಯು ನಿರ್ದೋಷಿಯೆಂದು ಸಾರುವಂತಿಲ್ಲ. ಸಂಶಯವು ಕಡಮೆಯಾಯಿತೆಂದು ಮಾತ್ರ ಹೇಳಬಹುದು. ಆಗ ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಯ ಕಡೆಗೂ, ದೂಳು ತುಂಬಿದ ಫ್ಯಾನಿನ ಕಡೆಗೂ ತಿರುಗಬೇಕು.

ತಪ್ಪನ್ನು ಹೀಗೆ ಹುಡುಕುವ ಬದಲು ಸ್ಮೃತಿಯೇ ತಿದ್ದಿಕೊಳ್ಳುವಂತೆ ಮಾಡಲಾಗದೆ? ಈ ಪ್ರಶ್ನೆ ಹಳೆಯದು. ಬೆಲ್ ಪ್ರಯೋಗಶಾಲೆಯ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ವಾರದ ಕೊನೆಯಲ್ಲಿ ತಮ್ಮ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿ ಹೋಗುತ್ತಿದ್ದರು. ತಪ್ಪೊಂದು ಕಂಡೊಡನೆ ಯಂತ್ರವು ಆ ಲೆಕ್ಕವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ತಪ್ಪಾಗಿದೆಯೆಂದು ತಿಳಿಯಬಲ್ಲ ಯಂತ್ರಕ್ಕೆ ತಪ್ಪು ಎಲ್ಲಿದೆಯೆಂದು ಏಕೆ ತಿಳಿಯಬಾರದೆಂದು ಬೇಸತ್ತು ಯೋಚಿಸಿದ ಅವರು, ಒಂದು ತಪ್ಪನ್ನು ತಾನೇ ತಿದ್ದಿಕೊಳ್ಳುವ ಸಂಕೇತಕ್ರಮವನ್ನು ರಚಿಸಿ ೧೯೫೦ರಲ್ಲಿ ಪ್ರಕಟಿಸಿದರು. ಅದರ ವಂಶಕ್ಕೆ ಸೇರಿದ ಕ್ರಮವು ಇಂದು ದೊಡ್ಡ ಸಂಸ್ಥೆಗಳ ಯಂತ್ರಗಳಲ್ಲಿದೆ. ಅವುಗಳಲ್ಲಿ ಪ್ರತಿ ೬೪ ಕೋಶಗಳಿಗೆ ಇನ್ನೂ ಎಂಟು ಕೋಶಗಳು ಕಾವಲಿರುವುದು ಸಾಮಾನ್ಯ. ೧೯೮೧ರ ಐಬಿಎಂ ಮೇಜುಗಣಕದಲ್ಲಿ ಎಂಟಕ್ಕೆ ಒಂದರಂತೆ ಕಾವಲಿತ್ತು; ಅದು ತಪ್ಪನ್ನು ತಿದ್ದಲಾರದು, ಕಂಡೊಡನೆ ಯಂತ್ರವನ್ನು ನಿಲ್ಲಿಸಬಲ್ಲದು. ಮುಂದೆ ಖರ್ಚನ್ನು ಉಳಿಸಲು ಮನೆಬಳಕೆಯ ಯಂತ್ರಗಳಲ್ಲಿ ಅದನ್ನೂ ತೆಗೆದುಹಾಕಿದರು. ಮನೆಗಳ ಬಹುಪಾಲು ಮೇಜುಗಣಕಗಳಲ್ಲಿ ರ‍್ಯಾಮಿನಿಂದ ಯಂತ್ರದ ಮಿದುಳಿನವರೆಗಿನ ದಾರಿಗೆ ಇಂದಿಗೂ ಅಂತಹ ಕಾವಲಿಲ್ಲ. ಅಲ್ಲಿ ಸಂಶಯ ಬಂದ ಒಡೆಯನು ಸಂಜೆ ಪರೀಕ್ಷೆಯನ್ನು ಹಚ್ಚಿ ಮಲಗಿ, ಬೆಳಗ್ಗೆ ಎದ್ದು ಪರದೆಯನ್ನು ನೋಡಬೇಕು.