ಅಂಜಿಕೆಯ ಬ್ಯಾನಿ: ನನಗ ಬಂದದ್ದು, ನಾನು ಪಳಗಿಸಿದ್ದು

2023ರ ಹಿಂಗಾರಿ. ಉತ್ತರಿ ಮಳೆ ಕೈಕೊಟ್ಟಿತು, ಹಸ್ತಾನೂ ಹನಿಯಲಿಲ್ಲ. ಬಾಡಗಂಡಿಯ ನನ್ನ ಆರು ಎಕರೆ ಎರಿ ಹೊಲ ಹರಗಿ ಇಟ್ಟಿದ್ದೆ. ಬಿಳಿಜೋಳ, ಕಡಲಿ ಬೀಜ ಮನ್ಯಾಗ ಇತ್ತು. ಬಿತ್ತಲಿಕ್ಕೆ ಹಸಿ ಇರಲಿಲ್ಲ. ಆ ವರ್ಷ ಸರಕಾರ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿತು. ಇದು ನನ್ನೊಬ್ಬನ ಗೋಳಲ್ಲ ಅಂತ ಗೊತ್ತಿತ್ತು. ಆದರ ಎದಿ ಕೇಳಬೇಕಲ್ಲ!

ಒಂದು ರಾತ್ರಿ ಎರಡು ಗಂಟೆಗೆ ಎಚ್ಚರಾತು. ಎದಿ ಡವಡವ ಬಡೀತಿತ್ತು. ಮೈಯೆಲ್ಲ ಬೆವರು, ಬೆರಳು ಜುಂ ಅಂತಿದ್ದವು, ಉಸಿರು ಸಾಲವಲ್ಲದು. ನನ್ನ ಕಥಿ ಮುಗೀತು ಅಂದುಕೊಂಡೆ. ಮನಿಯಾಕಿ ಎದ್ದು ನೀರು ಕೊಟ್ಟು ಬೆನ್ನು ಸವರಿದಳು. ಅರ್ಧ ತಾಸಿನಾಗ ಇಳೀತು. ಮುಂದ ವಾರಕ್ಕ ಎರಡು ಸಲ ಹಂಗ ಆಗಹತ್ತಿತು. ಫೋನ್ ಬಾರಿಸಿದರ ಹೊಟ್ಟಿ ಕಲಸತಿತ್ತು. ಸಾಲ ಕೊಟ್ಟ ಸೊಸೈಟಿ ಮುಂದ ಹಾಯಲಿಕ್ಕೆ ಅಂಜಿ ಬ್ಯಾರೆ ದಾರಿ ಹಿಡಿದೆ. ಊರಾಗ ಒಬ್ಬರು ಗಾಳಿ ಅಂದರು, ಒಬ್ಬರು ಎದಿ ಬ್ಯಾನಿ ಅಂದರು. ತಾಯತಾನೂ ಕಟ್ಟಿಸಿದೆ.

ಕಡೀಕ ಮನಿಯಾಕಿ, "ಇದ್ದದ್ದು ಡಾಕ್ಟರಿಗೆ ಹೇಳೋಣ ನಡೀರಿ" ಅಂತ ಕರಕೊಂಡು ಹೋದಳು. ಇಸಿಜಿ, ಸಕ್ಕರಿ, ರಕ್ತ, ಥೈರಾಯಿಡ್ ಎಲ್ಲ ನೋಡಿದರು. ಎಲ್ಲ ಚಲೋ ಇತ್ತು. ಹೀಗೆ ಮೊದಲು ತಪಾಸಣೆ ಮಾಡಿಸುವುದು ಬಹಳ ಮುಖ್ಯ. ಎದಿ ನೋವನ್ನ ಮನಸ್ಸಿನದು ಅಂತ ನಾವ ತೀರ್ಮಾನ ಮಾಡಬಾರದು.

ಆಮೇಲೆ ಡಾಕ್ಟರು ಕೇಳಿದರು: "ಯಜಮಾನ್ರ, ಹೊಲಕ್ಕ ನಾಯಿ ಸಾಕೀರೇನ್ರಿ? ಕಳ್ಳ ಬಂದಾಗ ಬೊಗಳಿದರ ಅದು ಚಲೋ ನಾಯಿ. ಎಲಿ ಅಲುಗಿದರೂ ರಾತ್ರಿಯೆಲ್ಲ ಬೊಗಳಿದರ? ನಿಮ್ಮ ಮೈಯಾಗಿನ ನಾಯಿ ಹಂಗ ಆಗೇತಿ."

ನನಗ ಅದು ನಾಟಿತು. ಅಪಾಯ ಕಂಡಾಗ ಮೈಯೊಳಗ ಅಡ್ರಿನಲಿನ್ ಅನ್ನೋ ರಸ ಏರತೈತಿ. ಓಡಲಿಕ್ಕೆ, ಹೊಡೆದಾಡಲಿಕ್ಕೆ ಮೈ ಸಜ್ಜಾಗತೈತಿ. ಅದಕ್ಕ ಎದಿ ಬಡಿತ, ಉಸಿರು ಜೋರು. ಹಾವು ಕಂಡರ ಇದು ಬೇಕು. ಬರದ ಮುಂದ, ಸಾಲದ ಮುಂದ ಓಡಿ ಎಲ್ಲಿ ಹೋಗೂದು? ಕಾಳಜಿ ಎಲ್ಲರಿಗೂ ಇರತೈತಿ. ಅದು ನಿದ್ದಿ, ಊಟ, ಕೆಲಸ ಕೆಡಿಸಿದರ ಬ್ಯಾನಿ. ಆತಂಕದ ಬ್ಯಾನಿ ಅಂತ ಡಾಕ್ಟರು ಹೆಸರು ಹೇಳಿದರು. ಹೇಡಿತನ ಅಲ್ಲ.

ನಾನು ಮಾಡಿದ್ದು ಇಷ್ಟು:

1. ಉಸಿರು. ಎದಿ ಬಡಿತ ಸುರುವಾದಾಗ ಕುಂತು, ನಾಕು ಎಣಿಸುತ್ತ ಉಸಿರು ಒಳಗ, ಆರು ಎಣಿಸುತ್ತ ಹೊರಗ. ಹೊರಗ ಬಿಡುವುದು ಉದ್ದ ಇರಬೇಕು. ಬ್ಯಾನಿ ಇಲ್ಲದಾಗ ದಿನಾ ಹತ್ತು ಮಿನಿಟು ರೂಢಿ ಮಾಡಿದರ ಬಂದಾಗ ಕೈಗೆ ಹತ್ತತೈತಿ.

2. ಚಿಂತಿಗೆ ಒಂದು ಹೊತ್ತು. ಸಂಜಿ ಅರ್ಧ ತಾಸು ಬೇವಿನ ಗಿಡದ ಕೆಳಗ ನೋಟಬುಕ್ ಹಿಡಿದು ಕುಂಡ್ರತಿದ್ದೆ. ಎರಡು ಸಾಲು: ನನ್ನ ಕೈಯಾಗಿನದು, ಕೈಯಾಗ ಇಲ್ಲದ್ದು. ಮಳಿ, ಪ್ಯಾಟಿ ದರ ಕೈಯಾಗಿಲ್ಲ. ಆಲಮಟ್ಟಿ ನೀರಿನ ಮಟ್ಟ 519.60 ಮೀಟರಿನಿಂದ 524.256ಕ್ಕ ಏರಿಸೋ ಮಾತು 2010ರ ನ್ಯಾಯಮಂಡಳಿ ತೀರ್ಪಿನಿಂದ ನಡದೈತಿ. ಹೊಲ ಹೋಗತೈತೋ ಉಳೀತೈತೋ ಅಂತ ನಮ್ಮ ಬೀಳಗಿ ತಾಲೂಕಿನ ಎಷ್ಟೋ ಮಂದಿ ನಿದ್ದಿಗೆಟ್ಟಾರ. ಅದೂ ಕೈಯಾಗಿಲ್ಲ. ಒಡ್ಡು ಹಾಕೂದು, ಹಿಂಗಾರಿ ಬೆಳೆವಿಮೆಗೆ ನೂರಕ್ಕ ಒಂದೂವರಿ ರೂಪಾಯಿ ಕಂತು ವ್ಯಾಳ್ಯಾಕ್ಕ ತುಂಬೂದು, ಒಂದು ಎಮ್ಮಿ ಕಟ್ಟೂದು ಕೈಯಾಗೈತಿ. ರಾತ್ರಿ ಚಿಂತಿ ಬಂದರ "ನಾಳೆ ಸಂಜಿಗೆ ಬಾ" ಅಂತಿದ್ದೆ.

3. ಅಂಜಿದ ಕಡೆ ಹೋಗೂದು. ತಪ್ಪಿಸಿಕೊಂಡಷ್ಟೂ ಅಂಜಿಕಿ ಬೆಳೀತೈತಿ. ಮೊದಲ ದಿನ ಸೊಸೈಟಿ ಮುಂದ ಹಾದು ಬಂದೆ, ಅಷ್ಟ. ಮರುವಾರ ಒಳಗ ಹೋಗಿ ಅಸಲು, ಬಡ್ಡಿ, ಕಂತಿನ ತಾರೀಖು ಬರೆಸಿಕೊಂಡು ಬಂದೆ. ಸಾಲ ಒಂದು ರೂಪಾಯಿ ಕಡಿಮಿ ಆಗಲಿಲ್ಲ. ಆದರ ಆ ರಾತ್ರಿ ನಿದ್ದಿ ಬಂತು.

4. ದಿನಕ್ಕ ಎಂಟು ಕಪ್ಪು ಚಾ ಎರಡಕ್ಕ ಇಳಿಸಿದೆ, ತಂಬಾಕು ಬಿಟ್ಟೆ. ಎರಡೂ ಎದಿ ಬಡಿತ ಏರಸತಾವು. ಶೆರೆ ಕುಡಿದರ ಆ ಹೊತ್ತಿಗೆ ಸಮಾಧಾನ, ಮರುದಿನ ಅಂಜಿಕಿ ಇಮ್ಮಡಿ.

ಡಾಕ್ಟರು ಗುಳಿಗೀನೂ ಕೊಟ್ಟರು. ಕೆಲಸ ಹಿಡೀಲಿಕ್ಕೆ ಮೂರು ನಾಕು ವಾರ ಬೇಕಾತು. ಆರಾಮಾತು ಅಂತ ನಡುವ ಬಿಡಬಾರದು. ಅವರನ್ನ ಕೇಳಿ ಮೆಲ್ಲಕ ಇಳಿಸಬೇಕು.

ಮನಸ್ಸಿನ ಬ್ಯಾನಿಗೆ ಧಾರವಾಡ, ಬೆಂಗಳೂರಿಗೇ ಓಡಬೇಕು ಅಂತೇನಿಲ್ಲ. ಹಳ್ಳಿ ದವಾಖಾನಿಯೊಳಗೂ ಇದಕ್ಕ ಉಪಚಾರ ಮಾಡಬಹುದು ಅಂತ ನಿಮ್ಹಾನ್ಸ್‌ನವರು 1985ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ತೋರಿಸಿದರು. ಅದ ಮಾದರಿ ಮ್ಯಾಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಸುರುವಾತು. ಹೋಗಲಿಕ್ಕೆ ಸಂಕೋಚ ಇದ್ದರ 14416ಕ್ಕ ಫೋನ್ ಮಾಡ್ರಿ. 2022ರ ಅಕ್ಟೋಬರದಾಗ ಸುರುವಾದ ಟೆಲಿಮಾನಸ್ ಅದು. ರೊಕ್ಕ ಇಲ್ಲ, ಹಗಲು ರಾತ್ರಿ ಇರತೈತಿ, ಕನ್ನಡದಾಗ ಮಾತಾಡಬಹುದು.

ಇನ್ನೊಂದು ಮಾತು. ಯಾರರ "ಜೀವ ಸಾಕಾಗೇತಿ" ಅಂದರ ಹಗುರ ಮಾಡಬ್ಯಾಡ್ರಿ. ಒಬ್ಬರನ್ನ ಬಿಡಬ್ಯಾಡ್ರಿ, ಅವತ್ತ ದವಾಖಾನಿಗೆ ಕರಕೊಂಡು ಹೋಗ್ರಿ. ಬೆಳಿಗೆ ಹೊಡಿಯೋ ಎಣ್ಣಿ ಮನ್ಯಾಗ ಕೈಗೆ ಸಿಗುವಂಗ ಇಡಬ್ಯಾಡ್ರಿ. ಕೀಲಿ ಹಾಕಿ, ಕೀಲಿಕೈ ಬ್ಯಾರೆಯವರ ಹತ್ತಿರ ಇರಲಿ.

ಈಗಲೂ ಮಾಡ ಬಂದು ಹನಿಯದೆ ಹೋದ ರಾತ್ರಿ ನಾಯಿ ಒಮ್ಮೊಮ್ಮೆ ಬೊಗಳತೈತಿ. ಎದ್ದು ಕುಂತು ಉಸಿರು ಎಣಿಸತೀನಿ. ಮನಿಯಾಕಿ "ಮತ್ತ ಬಂತೇನ್ರಿ?" ಅಂತ ಕೇಳತಾಳ. ಮೊದಲು ಮುಚ್ಚಿಡತಿದ್ದೆ. ಈಗ ಹೂಂ ಅಂತೀನಿ. ನಿಮಗೂ ಹಿಂಗ ಆಗಿ ದಾಟಿ ಬಂದಿದ್ದರ ಪತ್ರಿಕೆಗೆ ಬರೀರಿ. ಓದಿದ ಇನ್ನೊಬ್ಬ ರೈತನಿಗೆ ತಾನೊಬ್ಬನೇ ಅಲ್ಲ ಅಂತ ತಿಳೀಲಿ.