ಮೈಗೆ ಹಿತವಾದ ಸೋಪು ಯಾವುದು?



ಬಟ್ಟೆ ಒಗೆಯುವ ಸೋಪಿನ ತುಂಡಿನಿಂದಲೇ ಮಗುವಿನ ಮೈ ತೊಳೆಯುವ ರೂಢಿ ಕೆಲವು ಮನೆಗಳಲ್ಲಿದೆ. “ನೊರೆ ಬಂದರಾಯಿತು, ಯಾವುದಾದರೇನು?” ಎನ್ನುತ್ತೇವೆ. ಮೈ ಬಿರಿದು ತುರಿಕೆ ಹತ್ತಿದರೆ ಚಳಿಯನ್ನು ದೂರುತ್ತೇವೆ. ತಪ್ಪು ಚಳಿಯದು ಮಾತ್ರವೇ?

ಜಿಡ್ಡನ್ನು ಬರೀ ನೀರು ಬಿಡಿಸಲಾರದು. ಸೋಪಿನ ಪ್ರತಿ ಕಣಕ್ಕೂ ಎರಡು ತುದಿ. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು. ನಮ್ಮ ಗಡಿಯೂರಿನ ಸಂತೆಯಲ್ಲಿ ಎರಡು ಭಾಷೆ ಬಲ್ಲವರು ನಡುವೆ ನಿಂತು ವ್ಯಾಪಾರ ಕುದುರಿಸುವುದಿಲ್ಲವೆ? ಹಾಗೆಯೇ ಈ ಕಣ ಜಿಡ್ಡನ್ನು ನೀರಿಗೆ ಒಪ್ಪಿಸುತ್ತದೆ.

ಆದರೆ ಕೊಳೆಯ ಜಿಡ್ಡು ಯಾವುದು, ಚರ್ಮದ ಸ್ವಂತ ಜಿಡ್ಡು ಯಾವುದು ಎಂಬ ಭೇದ ಅದಕ್ಕಿಲ್ಲ. ಆ ಸ್ವಂತ ಜಿಡ್ಡೇ ಚರ್ಮದ ತೇವವನ್ನು ಕಾಯುವ ಬೇಲಿ. ಚರ್ಮದ ಮೇಲ್ಪದರ ತುಸು ಹುಳಿ ಗುಣದ್ದು, ಪಿ.ಎಚ್. ಅಳತೆಯಲ್ಲಿ ಸುಮಾರು 5. ಮಾಮೂಲಿ ಸೋಪು 9ರಿಂದ 10, ಅಂದರೆ ಕ್ಷಾರ. ಬಟ್ಟೆ ಸೋಪು, ವಾಷಿಂಗ್ ಪೌಡರ್‌ಗಳಲ್ಲಿ ಸೋಡಾ ಸೇರಿದಾಗ ಅವು ಇನ್ನೂ ಕಟು.

ಸೌಮ್ಯ ಎನ್ನುವುದು ಯಾವುದನ್ನು? ಯಾವುದರ ಕಣಗಳು ಚರ್ಮದೊಳಕ್ಕೆ ಅಷ್ಟಾಗಿ ನುಸುಳುವುದಿಲ್ಲವೋ ಅದನ್ನು. ತೆಂಗಿನೆಣ್ಣೆಯ ಅಂಶದಿಂದಾಗುವ ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಇಂಥದ್ದು. 1950ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಡವ್ ಬಾರಿನಲ್ಲಿದ್ದುದು ಇದೇ. ಸೋಡಿಯಂ ಲಾರಿಲ್ ಸಲ್ಫೇಟನ್ನೂ ತೆಂಗಿನೆಣ್ಣೆಯಿಂದ ಮಾಡಬಹುದು. ಅದು ಮಾತ್ರ ಚರ್ಮಕ್ಕೆ ಒರಟು. ಆದ್ದರಿಂದ ಪೊಟ್ಟಣದ ಮೇಲಿನ ತೆಂಗಿನ ಚಿತ್ರವನ್ನಲ್ಲ, ಹಿಂದಿನ ಸಣ್ಣ ಅಕ್ಷರಗಳನ್ನು ಓದಿ.

ನಮ್ಮ ಅಂಟುವಾಳ ಕಾಯಿಯೂ ಇದೇ ಕುಲದ್ದು. ಮರಾಠಿಯವರಿಗೆ ರಿಠಾ, ತೆಲುಗಿನವರಿಗೆ ಕುಂಕುಡು ಕಾಯ, ತಮಿಳರಿಗೆ ಪೂಂದಿಕೊಟ್ಟೈ. ಅದರಲ್ಲಿರುವ ಸಪೋನಿನ್ ನೊರೆ ಎಬ್ಬಿಸುತ್ತದೆ. ಕಣ್ಣಿಗೆ ಬಿದ್ದರೆ ಎಂಥ ಉರಿ ಎಂಬುದು ತಲೆಗೆ ಹಚ್ಚಿಸಿಕೊಂಡ ಮಕ್ಕಳಿಗೆ ಗೊತ್ತು! ಗಿಡದ್ದೆಂದ ಮಾತ್ರಕ್ಕೆ ಎಲ್ಲವೂ ಸೌಮ್ಯವಲ್ಲ.

ಇಷ್ಟು ಮಾಡಿ. ಬಟ್ಟೆ ಸೋಪನ್ನು ಮೈಗೆ ಮುಟ್ಟಿಸಬೇಡಿ. ಎಳೆಗೂಸಿಗೆ ಉಗುರುಬೆಚ್ಚಗಿನ ನೀರು, ಸೋಪು ಕೊಂಚವೇ ಸಾಕು. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಬಿಳಿ ಕಸರಾಗಿ ಮೈಗಂಟುತ್ತದೆ. ಎರಡು ಚೊಂಬು ಹೆಚ್ಚು ಹೊಯ್ದು ತೊಳೆಯಿರಿ. ಮೈಯಲ್ಲಿ ತುಸು ತೇವವಿರುವಾಗಲೇ ಕೊಬ್ಬರಿ ಎಣ್ಣೆ ಸವರಿ. ಚರ್ಮ ಬಿರಿದು ರಕ್ತ ಕಂಡರೆ ಅಥವಾ ಕೀವಾದರೆ ಮನೆಮದ್ದಿಗೆ ಕಾಯದೆ ವೈದ್ಯರಿಗೆ ತೋರಿಸಿ.

ನೊರೆ ಕಡಿಮೆ ಬಂದರೆ ಕೊಳೆ ಹೋಗಲಿಲ್ಲವೆಂದು ತಿಳಿಯಬೇಡಿ.